ಆಸ್ಪತ್ರೆ ಮಾತು ಬರೆದಿಡಿ: ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಬಿಪಿ, ಶುಗರ್, ಡಯಾಲಿಸಿಸ್ ಅಂತ ಓಡಾಟ ಇರುವವರು ರೋಗಿಗೊಂದು ನೋಟ್‌ಬುಕ್ ಇಡಿ. ಡಾಕ್ಟರ್, ನರ್ಸ್, ಲ್ಯಾಬ್, ಇನ್ಶೂರೆನ್ಸ್ ಡೆಸ್ಕ್ ಯಾರೇ ಆಗಲಿ, ಫೋನ್ ಇಡುವ ಮೊದಲೇ ತಾರೀಕು, ಹೊತ್ತು, ಹೆಸರು, ಹೇಳಿದ್ದೇನು ಅಂತ ಬರೆಯಿರಿ. ‘ಮಾತ್ರೆ ಕಮ್ಮಿ ಮಾಡಿ ಅಂದ್ರು’ ಅಂದರೆ ಸಾಲದು. ‘ಟೆಲ್ಮಿಸಾರ್ಟನ್ 40 ಇದ್ದದ್ದು 20, ನಾಳೆ ಬೆಳಿಗ್ಗೆಯಿಂದ, 2 ವಾರ’ ಹೀಗಿರಲಿ. ಬರೆದದ್ದನ್ನು ಅವರಿಗೇ ಓದಿ ಹೇಳಿ. ಫೋನಿನಲ್ಲಿ ಫಿಫ್ಟೀನ್, ಫಿಫ್ಟಿ ಎರಡೂ ಒಂದೇ ಥರ ಕೇಳಿಸುತ್ತವೆ.

ವಾಟ್ಸಾಪ್‌ಗೆ ಬಂದ ರಿಪೋರ್ಟನ್ನು ಅಲ್ಲೇ ಬಿಡಬೇಡಿ. ಡಿಸಪಿಯರಿಂಗ್ ಮೆಸೇಜ್ ಆನ್ ಇದ್ದರೆ ತಾನೇ ಅಳಿಸಿಹೋಗುತ್ತದೆ. ಪಿಡಿಎಫ್ ಇಳಿಸಿಕೊಂಡು ‘2025-03-14 ಕ್ರಿಯಾಟಿನಿನ್’ ಅಂತ ವರ್ಷ ಮೊದಲಿಟ್ಟು ಹೆಸರು ಕೊಟ್ಟರೆ ಫೈಲುಗಳು ತಾವೇ ಸಾಲಾಗಿ ನಿಲ್ಲುತ್ತವೆ. ಇಸಿಜಿ ಪಟ್ಟಿ, ಔಷಧಿ ಅಂಗಡಿ ಬಿಲ್ಲು ಹೆಚ್ಚಾಗಿ ಥರ್ಮಲ್ ಕಾಗದ (ಬಿಸಿಯಿಂದ ಅಕ್ಷರ ಮೂಡುವಂಥದ್ದು), ಅಕ್ಷರ ಮಾಸುತ್ತದೆ. ಲ್ಯಾಮಿನೇಷನ್ ಮಾಡಿಸಿದಿರೋ, ಬಿಸಿಗೆ ಪೂರ್ತಿ ಕಪ್ಪು! ಅವತ್ತೇ ಜೆರಾಕ್ಸ್ ಮಾಡಿಸಿ.

ಅಡ್ಮಿಟ್ ಆಗಿದ್ದವರ ಕೇಸ್ ಶೀಟ್ (ಚಿಕಿತ್ಸೆಯ ದಾಖಲೆ) ಪ್ರತಿಗೆ ಅರ್ಜಿ ಬರೆದು ಕೊಟ್ಟು, ಅರ್ಜಿಯ ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆ ಇಟ್ಟುಕೊಳ್ಳಬೇಕೆಂದು ಅದೇ ನಿಯಮ ಹೇಳುವುದು ಚಿಕಿತ್ಸೆ ಶುರುವಾದಾಗಿನಿಂದ 3 ವರ್ಷ. ಹಳೆಯದು ಬೇಕಿದ್ದವರು ತಡಮಾಡಬೇಡಿ.