ಬಟ್ಟೆ ಒಗೆದವಳ ಪತ್ರ

ಪೆರ್ಲ

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಸೀಮಂತದ ಸುದ್ದಿ ಓದಿ ಸಂತೋಷವಾಯಿತು. ಆದರೆ ಕೊನೆಯ ಹಾಳೆಯಲ್ಲಿ ನೀನು ಬರೆದು ಅರ್ಧ ಹೊಡೆದುಹಾಕಿದ ಸಾಲು ನನ್ನನ್ನು ಮಲಗಗೊಡಲಿಲ್ಲ. ‘ಹೆರಿಗೆಯಾದ ಮೇಲೆ ರಕ್ತ ಹೆಚ್ಚು ಹೋದರೆ ತಿಳಿಯುವುದು ಹೇಗೆ, ತಿಳಿದರೂ ನಾನು ಬಾಯಿಬಿಟ್ಟು ಹೇಳುವೆನೋ ಇಲ್ಲವೋ’ ಎಂದು ಬರೆದಿದ್ದೆ.

ನಿನ್ನ ಚಿಕ್ಕಮ್ಮನ ಹೆರಿಗೆಯ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಮತ್ತೆ ಬರೆಯುವುದಿಲ್ಲ. ಯಾರಿಗೂ ಹೇಳದೆ ಉಳಿಸಿಕೊಂಡ ಒಂದು ಮಾತಿದೆ. ಆ ಆಟಿ ತಿಂಗಳ ಮಳೆಯಲ್ಲಿ ಅವಳ ಬಟ್ಟೆಗಳನ್ನು ತೋಡಿಗೆ ಒಯ್ದು ಒಗೆದವಳು ನಾನು. ಬೆಳಗಿನಿಂದ ಮಧ್ಯಾಹ್ನದೊಳಗೆ ಎಷ್ಟು ಬಟ್ಟೆ ತೊಯ್ದಿತ್ತೆಂಬ ಲೆಕ್ಕ ನನ್ನೊಬ್ಬಳಿಗೇ ಇತ್ತು. ‘ಕೆಟ್ಟ ರಕ್ತ, ಹೋದಷ್ಟೂ ಒಳ್ಳೆಯದು’ ಎಂದು ಹಿರಿಯರು ಅಂದರು, ನಾನು ಸುಮ್ಮನಾದೆ. ‘ಅಕ್ಕಾ, ಕಣ್ಣು ಕತ್ತಲೆ ಬರುತ್ತದೆ, ಚಳಿ’ ಎಂದು ಅವಳು ಹೇಳಿದಾಗ ಕಂಬಳಿ ಹೊದೆಸಿದೆನೇ ಹೊರತು ಯಾರನ್ನೂ ಕರೆಯಲಿಲ್ಲ. ಅವಳ ಹಣೆಯಲ್ಲಿ ತಣ್ಣನೆಯ ಬೆವರಿತ್ತು. ಅದು ಚಳಿಯ ಬೆವರಲ್ಲವೆಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಒಬ್ಬ ವೈದ್ಯೆಯ ಮುಂದೆ ಕುಳಿತು ಇದನ್ನೆಲ್ಲ ಕೇಳಿದಾಗ.

ಮಗು ಹುಟ್ಟಿ ಮಾಸು ಬಿದ್ದ ಮೇಲೆ, ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳನ್ನು ಹಿಂಡಿ ಮುಚ್ಚುವುದು ಗರ್ಭಕೋಶದ ಸ್ನಾಯುಗಳೇ ಎಂದು ಅವರು ವಿವರಿಸಿದರು. ಗರ್ಭಕೋಶ ಬಿಗಿಯಾಗದೆ ಸಡಿಲವಾಗಿ ಉಳಿದರೆ ರಕ್ತ ನಿಲ್ಲುವುದಿಲ್ಲ. ಮಾಸಿನ ಚೂರು ಒಳಗುಳಿದರೂ, ಎಲ್ಲಿಯಾದರೂ ಹರಿದಿದ್ದರೂ ಹಾಗೆಯೇ. ಹೆರಿಗೆಯಾದ 24 ಗಂಟೆಗಳೊಳಗೆ ಅರ್ಧ ಲೀಟರ್ ಮೀರಿದರೆ ಹೆಚ್ಚೆಂದು ಲೆಕ್ಕವಂತೆ. ಆದರೆ ಮಂಚದಲ್ಲಿ ಮಲಗಿದವಳು ಲೀಟರ್ ಅಳೆಯುವುದು ಹೇಗೆ? ನಿನ್ನ ಪ್ರಶ್ನೆಯೂ ಇದೇ ತಾನೆ. ಒಂದು ಪ್ಯಾಡ್ ಒಂದು ಗಂಟೆಯೊಳಗೆ ಪೂರ್ತಿ ತೊಯ್ದರೆ, ಕೋಳಿಮೊಟ್ಟೆಯಷ್ಟು ದೊಡ್ಡ ಹೆಪ್ಪು ಬಿದ್ದರೆ, ತಲೆ ಸುತ್ತಿ ಎದೆ ಡವಗುಟ್ಟಿದರೆ, ಆಗಲೇ ಕರೆಯಬೇಕು. ಹೊದಿಕೆಯ ಕೆಳಗಿರುವುದು ನಿನ್ನನ್ನು ಬಿಟ್ಟು ಬೇರೆ ಯಾರಿಗೂ ಕಾಣಿಸದು, ಮಗಳೇ. ನರ್ಸ್ ಬೈದಾರೆಂದು, ಅತ್ತೆ ಏನೆಂದುಕೊಂಡಾರೆಂದು ತಡೆದು ನಿಲ್ಲಬೇಡ.

ನಾನು ವೈದ್ಯೆಯಲ್ಲ, ಹೇಳುವ ಅಧಿಕಾರವೂ ನನಗಿಲ್ಲ. ಆದರೂ ಕೆಲವನ್ನು ಬರೆಯದಿರಲಾರೆ. ಮಗು ಹುಟ್ಟಿದ ಕೂಡಲೇ ಗರ್ಭಕೋಶ ಬಿಗಿಯಾಗಲೆಂದು ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ, ಅದಕ್ಕೆ ಹೆದರಬೇಡ. ಮೂತ್ರ ಕಟ್ಟಿಕೊಂಡಿರಬೇಡ, ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಕುಗ್ಗಗೊಡುವುದಿಲ್ಲ. ಮಗುವಿಗೆ ಬೇಗ ಹಾಲು ಕೊಡು, ಅದರಿಂದಲೂ ಗರ್ಭಕೋಶ ಬಿಗಿಯುತ್ತದೆ. ರಕ್ತ ನಿಲ್ಲಿಸಲು ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧವಿದೆ, ಅದನ್ನು ಹೆರಿಗೆಯಾದ 3 ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನವೆಂದು ಕೇಳಿದಾಗ, ನಾನು ಸುಮ್ಮನಿದ್ದ ಆ ಮಧ್ಯಾಹ್ನದ ಒಂದೊಂದು ಗಂಟೆಯೂ ಮತ್ತೆ ಕಣ್ಣ ಮುಂದೆ ಬಂತು. ಆ ಔಷಧ ಅಂದು ನಮ್ಮೂರಿನಲ್ಲಿ ಸಿಗುತ್ತಿರಲಿಲ್ಲ, ನಿಜ. ಕರೆಯುವ ಬಾಯಿಯಾದರೂ ನನಗಿತ್ತು.

ಮನೆಗೆ ಬಂದ ಮೇಲೂ ಆರು ವಾರಗಳವರೆಗೆ ಗಮನವಿರಲಿ. ಕಡಿಮೆಯಾಗುತ್ತಿದ್ದ ರಕ್ತ ಮತ್ತೆ ಕೆಂಪಾಗಿ ಹರಿದರೆ, ಜ್ವರವೋ ದುರ್ವಾಸನೆಯೋ ಬಂದರೆ, ಬಿಸಿನೀರು ಮೀಯಿಸಲು ಎಬ್ಬಿಸುವವರಿಗೆ ಒಪ್ಪದೆ, ಆಸ್ಪತ್ರೆಗೆ ಕರೆದೊಯ್ಯಿರೆಂದು ಹಟ ಹಿಡಿ. 108ಕ್ಕೆ ಫೋನ್ ಮಾಡುವುದನ್ನು ಅಳಿಯಂದಿರಿಗೆ ಹೇಳಿಕೊಡು. ರಕ್ತ ಕೊಡುವ ಸೌಲಭ್ಯ ಯಾವ ಆಸ್ಪತ್ರೆಯಲ್ಲಿದೆಯೆಂದು ಈಗಲೇ ವಿಚಾರಿಸಲಿ. ಮಂಗಳೂರಿದೆಯಲ್ಲ ಎಂಬ ಧೈರ್ಯವೊಂದೇ ಸಾಲದು. 2020ರ ಮಾರ್ಚ್‌ನಲ್ಲಿ ಕೊರೋನಾದ ಕಾರಣ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ಮಂಗಳೂರಿನ ರಸ್ತೆ ಮುಚ್ಚಿದ್ದನ್ನು ನಾವೆಲ್ಲ ಕಂಡಿದ್ದೇವೆ.

ಬಾಣಂತನಕ್ಕೆ ನಾನು ಬರುತ್ತೇನೆ. ಅಡುಗೆಗೂ ಮಗುವನ್ನು ಮೀಯಿಸಲೂ ಬೇರೆಯವರಿರಲಿ, ನಿನ್ನ ಪ್ಯಾಡ್ ಎಣಿಸುವ ಕೆಲಸವನ್ನು ನನಗೆ ಬಿಡು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತ ಹೋದಾಗ ದೇಹಕ್ಕೆ ತಾಳುವುದು ಕಷ್ಟವಂತೆ, ಆದ್ದರಿಂದ ಕಬ್ಬಿಣದ ಮಾತ್ರೆ ತಪ್ಪಿಸಬೇಡ. ಕಳೆದ ವಾರದ ರಕ್ತಪರೀಕ್ಷೆಯಲ್ಲಿ ಎಷ್ಟು ಬಂತೆಂದು ನೀನು ಬರೆದಿಲ್ಲ. ಈ ಪತ್ರ ಕೈಸೇರಿದ ದಿನವೇ ಫೋನ್ ಮಾಡಿ ಹೇಳು.

ಇಂತು,
ನಿನ್ನ ದೊಡ್ಡಮ್ಮ