ಕ್ಲಾಸಿಕ್ ಮಿನಿ: ಡಿಸ್ಕ್ ಬ್ರೇಕ್, ರಬ್ಬರ್ ಕೋನ್ ಕೆಲಸಕ್ಕೆ ಕೈ ಹಾಕುವ ಮುನ್ನ

ಕ್ಲಾಸಿಕ್ ಮಿನಿ (ಬ್ರಿಟನ್ನಿನ ಹಳೆಯ ಪುಟ್ಟ ಕಾರು) ಇಟ್ಟುಕೊಂಡ ಸದಸ್ಯರ ಗಮನಕ್ಕೆ.

ಮುಂಚಕ್ರದ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕಿಸುವವರು ಮೊದಲು ಚಕ್ರ ಅಳೆಯಿರಿ. 1984ರಲ್ಲಿ ಬಂದ 8.4 ಇಂಚಿನ ಡಿಸ್ಕ್‌ಗೆ 12 ಇಂಚಿನ ರಿಮ್ ಬೇಕು. 10 ಇಂಚೇ ಉಳಿಸಿಕೊಳ್ಳುವುದಾದರೆ ಕೂಪರ್ ಎಸ್ (ಮಿನಿಯ ವೇಗದ ಆವೃತ್ತಿ) ಮಾದರಿಯ 7.5 ಇಂಚಿನ ಡಿಸ್ಕ್. ಬರೀ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ತಂದರೆ ಆಗಲಿಲ್ಲ: ಹಬ್, ಡ್ರೈವ್ ಫ್ಲಾಂಜ್ (ಚಕ್ರ ಕೂರುವ ಬಿಲ್ಲೆ), ಸಿವಿ ಜಾಯಿಂಟ್ (ಚಕ್ರಕ್ಕೆ ತಿರುಗು ಬಲ ಒಯ್ಯುವ ಕೀಲು) ಮೂರೂ ಡಿಸ್ಕ್‌ನವೇ ಆಗಿರಬೇಕು. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರೂ ಅದಕ್ಕೆ ಹೊಂದಬೇಕು.

ಬ್ರೇಕ್ ಪೆಡಲ್ ಆಳಕ್ಕೆ ಹೋದರೆ ಪೈಪಿನ ಗಾಳಿ ತೆಗೆಯುತ್ತಲೇ ಕೂರಬೇಡಿ. ಬಹಳ ಸಲ ತಪ್ಪು ಹಿಂದಿನ ಡ್ರಮ್‌ನ ಅಡ್ಜಸ್ಟರ್‌ನದು (ಬ್ರೇಕ್ ಶೂ ಹೊಂದಿಸುವ ತಿರುಪು). ಅದರ ಚೌಕ ತಲೆ ತುಕ್ಕು ಹಿಡಿದು ಬಿಗಿದಿರುತ್ತದೆ. ಮಾಮೂಲಿ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ದುಂಡಗಾಗುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಚೌಕ ಬಾಯಿಯ ಬ್ರೇಕ್ ಸ್ಪ್ಯಾನರ್‌ನಿಂದಲೇ ತಿರುಗಿಸಿ. ನಾಲ್ಕೂ ರಬ್ಬರ್ ಹೋಸ್ ಒಟ್ಟಿಗೇ ಬದಲಿಸಿ, ಡಾಟ್ 4 ಬ್ರೇಕ್ ಎಣ್ಣೆ ತುಂಬಿ.

ಇನ್ನು ಸಸ್ಪೆನ್ಷನ್. ಇಲ್ಲಿ ಸ್ಪ್ರಿಂಗ್ ಎಂದರೆ ರಬ್ಬರ್ ಕೋನ್. ವರ್ಷ ಕಳೆದಂತೆ ಕುಸಿದು ಗಾಡಿ ಕುಳ್ಳಾಗುತ್ತದೆ, ಗುಂಡಿಗೆ ಬಿದ್ದರೆ ಬೆನ್ನಿಗೇ ಬಡಿಯುತ್ತದೆ. ಎಡ ಬಲ ಜೋಡಿಯಾಗಿಯೇ ಬದಲಿಸಿ. ಮುಂಚಕ್ರದ ಕೋನ್‌ಗೆ ಅದನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಟೂಲ್ ಕಡ್ಡಾಯ. ಟೂಲ್ ಸೇರುವ ತಿರುಪಿನ ಮರೆ ನೋಡಿಕೊಳ್ಳಿ: ಹಳೆಯ ಕೋನ್‌ಗೆ ಯುಎನ್‌ಎಫ್ (ಇಂಚಿನ ಅಳತೆ), ಆಮೇಲಿನದಕ್ಕೆ ಮೆಟ್ರಿಕ್. ಕೋನ್ ಮತ್ತು ಸಸ್ಪೆನ್ಷನ್ ತೋಳಿನ ನಡುವಿನ ನಕಲ್ ಜಾಯಿಂಟ್‌ನ (ಗುಂಡು ಕೀಲು) ಪ್ಲಾಸ್ಟಿಕ್ ಬಟ್ಟಲಿಗೆ ಗ್ರೀಸ್ ತುಂಬದಿದ್ದರೆ ಕಿರ್‌ಗುಡುತ್ತಲೇ ಇರುತ್ತದೆ.

ಹೈ-ಲೋ (ಗಾಡಿಯ ಎತ್ತರ ಹೊಂದಿಸುವ ತಿರುಪು) ಹಾಕಿದವರು ಕೈ ಹಿಡಿತದಲ್ಲಿಡಿ. ಹಿಂಚಕ್ರದಲ್ಲಿ ಲಿವರ್ ಅನುಪಾತ ಸುಮಾರು 5:1, ಅಂದರೆ 3 ಎಂಎಂ ತಿರುಗಿಸಿದರೆ ಗಾಡಿ 15 ಎಂಎಂ ಇಳಿಯುತ್ತದೆ. ಮುಂಚಕ್ರದಲ್ಲಿ ಸುಮಾರು 3:1. ಹೊಸ ಕೋನ್ ಕೆಲವು ವಾರ ಕೂರುತ್ತಾ ಹೋಗುತ್ತದೆ, ಅಂತಿಮ ಎತ್ತರವನ್ನೂ ವೀಲ್ ಅಲೈನ್‌ಮೆಂಟನ್ನೂ ಆಮೇಲೆ ನೋಡಿಸಿ.