ಹಾಡುವವಳಿಗೆ ಕೇಳುಗರ ಮುಖ ಕಾಣಬೇಕು

ಮೈಸೂರು

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಅನೇಕ ಆಶೀರ್ವಾದಗಳು. ಉಭಯ ಕುಶಲೋಪರಿ.

ನಿನ್ನ ಪತ್ರ ತಲುಪಿತು. ಹೊಸದಾಗಿ ಕಟ್ಟಿದ ಆ ಹವಾನಿಯಂತ್ರಿತ ಸಭಾಂಗಣದಲ್ಲಿ ನಿನ್ನ ಕಛೇರಿ ಕಳೆಕಟ್ಟಲಿಲ್ಲವೆಂದೂ, ಹಾಡಿಕೆಯಲ್ಲಿ ಹೇಳಿಕೊಳ್ಳುವಂಥ ಲೋಪವೇನೂ ಇಲ್ಲದಿದ್ದರೂ ಮಂಗಳ ಹಾಡಿ ಏಳುವಾಗ ಬಾಗಿಲು ಹಾಕಿಕೊಂಡು ಸಾಧನೆ ಮಾಡಿ ಮುಗಿಸಿದ ಹಾಗಾಯಿತೆಂದೂ, ಇನ್ನು ಮೇಲೆ ಇಂಥ ಥಳಕಿನ ಜಾಗಗಳ ಕರೆಯನ್ನು ಒಪ್ಪಿಕೊಳ್ಳದೆ ಹಳೆಯ ಮನೆಗಳ ಪಡಸಾಲೆ, ದೇವಸ್ಥಾನದ ಪ್ರಾಕಾರ, ಹಬ್ಬದ ಚಪ್ಪರ, ಇಷ್ಟರಲ್ಲೇ ಹಾಡುವುದೆಂದು ತೀರ್ಮಾನಿಸಿರುವುದಾಗಿಯೂ ಬರೆದಿರುವೆ. ಮೊದಲ ಎರಡು ಮಾತುಗಳನ್ನು ನಾನು ಒಪ್ಪುತ್ತೇನೆ. ಮೂರನೆಯದನ್ನು ಒಪ್ಪಲಾರೆ. ಅದಕ್ಕೆ ಕಾರಣಗಳನ್ನು ಹೇಳಬೇಕಾಗಿರುವುದರಿಂದ ಈ ಪತ್ರ ಸ್ವಲ್ಪ ಉದ್ದವಾದೀತು, ಸಮಾಧಾನದಿಂದ ಓದು.

ಹಳೆಯ ಜಾಗಗಳ ಮೇಲೆ ನಿಮ್ಮ ತಲೆಮಾರಿನವರಿಗಿರುವ ಮೋಹ ನನಗೆ ಅರ್ಥವಾಗುತ್ತದೆ. ಆದರೆ ಆ ಜಾಗಗಳಲ್ಲಿ ಕೂತು ಬೆವರಿದವರು ನಾವು. ಬೆಂಗಳೂರಿನ ಕೋಟೆ ಹೈಸ್ಕೂಲಿನ ಮೈದಾನದ ರಾಮನವಮಿ ಕಛೇರಿಗಳನ್ನೇ ತೆಗೆದುಕೋ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯನ್ನು 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾಯರು ಆರಂಭಿಸಿದರು. ನಾಡಿನ ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಆ ಚಪ್ಪರದಡಿಯಲ್ಲಿ ಹಾಡಿ, ನುಡಿಸಿ ಹೋಗಿದ್ದಾರೆ. ಚೈತ್ರದ ಸೆಕೆ, ಸೊಳ್ಳೆಗಳ ಕಾಟ, ಪಕ್ಕದ ರಸ್ತೆಯ ಬಸ್ಸುಗಳ ಹಾರನ್ನು, ರಾಗಾಲಾಪನೆ ತಾರಸ್ಥಾಯಿಗೆ ಏರುವ ಹೊತ್ತಿಗೇ ಹುಯ್ಯುವ ಬೇಸಿಗೆಯ ಮಳೆ, ಇವುಗಳಲ್ಲಿ ಯಾವುದೂ ಸಂಗೀತಕ್ಕೆ ಉಪಕಾರ ಮಾಡಲಿಲ್ಲ. ಆದರೂ ಅಲ್ಲಿ ಕಛೇರಿ ಕಳೆಕಟ್ಟುತ್ತಿತ್ತು. ಚಪ್ಪರದ ಬಡತನದಿಂದ ಕಳೆ ಬಂತೆಂದು ತಿಳಿಯುವುದು ತಪ್ಪು. ಆ ಚಪ್ಪರದಲ್ಲಿ ದೀಪ ಎಲ್ಲರ ಮೇಲೂ ಬೀಳುತ್ತಿತ್ತು. ಗಾಯಕರಿಗೆ ಮುಂದಿನ ಸಾಲಿನ ಜಮಖಾನೆಯಲ್ಲಿ ಕೂತವರ ಕೈ ಕಾಣುತ್ತಿತ್ತು. ಏಳು ಮಾತ್ರೆಯ ಮಿಶ್ರಚಾಪು ತಾಳದ ಪಲ್ಲವಿಯಲ್ಲಿ ಎತ್ತುಗಡೆ, ಎಂದರೆ ಸಾಹಿತ್ಯವನ್ನು ಎತ್ತಿಕೊಳ್ಳುವ ಜಾಗ, ತುಸು ತೊಡಕಾಗಿದ್ದರೆ ಹತ್ತಿಪ್ಪತ್ತು ತೊಡೆಗಳ ಮೇಲೆ ತಾಳ ಒಮ್ಮೆ ತಡವರಿಸಿ, ಎರಡನೆಯ ಆವರ್ತಕ್ಕೆ ಸರಿಹೊಂದಿ, ಮೂರನೆಯದಕ್ಕೆ ಎಲ್ಲ ಕೈಗಳೂ ಒಂದೇ ಬಾರಿಗೆ ಸಮಕ್ಕೆ, ಎಂದರೆ ತಾಳದ ಮೊದಲ ಪೆಟ್ಟಿಗೆ, ಬೀಳುತ್ತಿದ್ದವು. ಅದನ್ನು ಕಂಡ ಗಾಯಕರು ಧೈರ್ಯವಾಗಿ ಸ್ವರಕ್ಕೆ ಇಳಿಯುತ್ತಿದ್ದರು. ಹಿಂದಿನ ಸಾಲಿನವರೊಬ್ಬರು ಬರೆದ ಚೀಟಿ ಕೈಯಿಂದ ಕೈಗೆ ದಾಟಿ ಮೃದಂಗದವರ ಮೊಣಕಾಲಿನ ಬಳಿ ಬಂದು ಬೀಳುತ್ತಿತ್ತು, ಮುಂದಿನ ಕೃತಿ ಯಾವುದೆಂಬುದು ಎಷ್ಟೋ ಸಲ ಅದರಿಂದಲೇ ನಿಶ್ಚಯವಾಗುತ್ತಿತ್ತು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಿನ್ನ ಹೊಸ ಸಭಾಂಗಣಕ್ಕೆ ಬಾ. ಅಲ್ಲಿ ನಿನ್ನ ಮುಖದ ಮೇಲೆ ನಾಲ್ಕು ದೀಪಗಳು, ಎದುರಿಗೆ ಪೂರಾ ಕತ್ತಲೆ. ಕೇಳುಗರು ತಾಳ ಹಾಕುತ್ತಿದ್ದರೋ, ಮೊಬೈಲು ನೋಡುತ್ತಿದ್ದರೋ, ಎದ್ದೇ ಹೋಗಿದ್ದರೋ ನಿನಗೆ ತಿಳಿಯಲಿಲ್ಲ. ಪ್ರೇಕ್ಷಾಗೃಹವನ್ನು ಕತ್ತಲು ಮಾಡುವ ಪದ್ಧತಿ ನಾಟಕ ಮತ್ತು ಸಿನಿಮಾಗಳಿಂದ ಬಂದದ್ದು. ಅಲ್ಲಿ ನಟನಿಗೆ ಪ್ರೇಕ್ಷಕ ಕಾಣದಿದ್ದರೂ ನಡೆಯುತ್ತದೆ, ಎಷ್ಟೋ ವೇಳೆ ಕಾಣದಿರುವುದೇ ಒಳ್ಳೆಯದು. ಮನೋಧರ್ಮದಿಂದ, ಎಂದರೆ ಹಾಡುವ ಹೊತ್ತಿನ ಕಲ್ಪನೆಯಿಂದ, ಬೆಳೆಯುವ ನಮ್ಮ ಸಂಗೀತಕ್ಕೆ ಅದು ಹೊಂದುವುದಿಲ್ಲ. ವೇದಿಕೆಯ ಎತ್ತರದ ಕಥೆಯೂ ಇದೇ. ನಿಂತು ಅಭಿನಯಿಸುವವರಿಗಾಗಿ ಅಳೆದು ಕಟ್ಟಿದ ವೇದಿಕೆಯ ಮೇಲೆ ನೀನು ಚಕ್ಕಳಮಕ್ಕಳ ಹಾಕಿ ಕೂರುವೆ. ನಿನ್ನ ಮುಂದೆ ಎರಡು ಮಾನಿಟರ್ ಪೆಟ್ಟಿಗೆಗಳು, ಅವುಗಳ ಮುಂದೆ ಹೂವಿನ ಕುಂಡಗಳ ಸಾಲು. ಮೊದಲ ಸಾಲಿನ ಸೋಫಾದಲ್ಲಿ ಕೂತ ಗಣ್ಯರಿಗೆ ಸೇವಂತಿಗೆಯ ಮೇಲೆ ನಿನ್ನ ಹಣೆ ಮಾತ್ರ ಕಾಣಿಸಿರಬೇಕು. (ಆ ಸೋಫಾಗಳನ್ನು ತುಂಬುವವರು ಸ್ವಾಗತ ಭಾಷಣ ಮುಗಿದೊಡನೆ ಎದ್ದು ಹೋಗುವುದೂ, ಮಿಕ್ಕ ಕಾಲವೆಲ್ಲ ಅವು ಖಾಲಿಯಾಗಿ ನಿನ್ನನ್ನು ದಿಟ್ಟಿಸುವುದೂ ಬೇರೆಯದೇ ಒಂದು ದುಃಖ.)

ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿದವನಾದ್ದರಿಂದ ಒಂದು ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಸಭಾಂಗಣಗಳ ಧ್ವನಿಶಾಸ್ತ್ರ ಹುಟ್ಟಿದ್ದೇ ಮೆತ್ತೆಗಳಿಂದ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಹೊಸ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಗೋಡೆಗಳಲ್ಲಿ ಮಾರ್ದನಿಸುತ್ತ ಉಳಿದುಕೊಂಡು ಯಾರಿಗೂ ಏನೂ ತಿಳಿಯದಂತಾದಾಗ, ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸಬೈನ್ ಎಂಬ ತರುಣ ಅಧ್ಯಾಪಕನ ಪಾಲಿಗೆ ಬಂತು. ಆತ ಹತ್ತಿರದ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿಯ ವೇಳೆ ಹೊತ್ತು ತರಿಸಿ, ಕೊಠಡಿಯೊಳಗೆ ಸ್ವಲ್ಪಸ್ವಲ್ಪವಾಗಿ ಹರಡುತ್ತ, ಆರ್ಗನ್ನಿನ ಕೊಳವೆಯೊಂದನ್ನು ನುಡಿಸಿ ನಿಲ್ಲಿಸಿ, ನಾದ ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ಹಿಡಿದು ಅಳೆದ. ಅಂಗಣದ ಗಾತ್ರ ಹೆಚ್ಚಿದಷ್ಟೂ ಅನುರಣನ, ಎಂದರೆ ನಾದ ಅಡಗಲು ಹಿಡಿಯುವ ಹೊತ್ತು, ಹೆಚ್ಚುತ್ತದೆ, ನಾದವನ್ನು ಹೀರುವ ವಸ್ತು ಹೆಚ್ಚಿದಷ್ಟೂ ಅದು ತಗ್ಗುತ್ತದೆ ಎಂಬ ಸೂತ್ರ ಅಲ್ಲಿಂದ ಬಂತು. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಆ ಸೂತ್ರವನ್ನು ನೆಚ್ಚಿ ಕಟ್ಟಿದ ಮೊದಲ ಸಂಗೀತ ಸಭಾಂಗಣ. ಇಂದಿಗೂ ಜಗತ್ತಿನ ಅತ್ಯುತ್ತಮವಾದವುಗಳಲ್ಲಿ ಅದನ್ನು ಎಣಿಸುತ್ತಾರೆ.

ನಾದವನ್ನು ಹೀರುವ ವಸ್ತುಗಳಲ್ಲಿ ಮನುಷ್ಯರ ಮೈ ಮತ್ತು ಉಟ್ಟ ಬಟ್ಟೆಯೂ ಸೇರಿವೆ. ನೆಲದ ಮೇಲೆ ಚಾಪೆಯೋ ಮರದ ಬೆಂಚೋ ಇರುವ ಹಳೆಯ ಅಂಗಣ ಖಾಲಿಯಿದ್ದಾಗ ಗೊಳೋ ಎನ್ನುತ್ತದೆ, ಜನ ತುಂಬಿದಂತೆಲ್ಲ ಹದಗೊಳ್ಳುತ್ತದೆ. ಹೊಸ ಸಭಾಂಗಣಗಳಲ್ಲಿ ಖಾಲಿ ಕುರ್ಚಿಯೂ ಕೂತ ಮನುಷ್ಯನಷ್ಟೇ ನಾದವನ್ನು ಹೀರುವಂತೆ ಮೆತ್ತೆಯನ್ನು ಲೆಕ್ಕ ಹಾಕಿ ಹೊದಿಸಿರುತ್ತಾರೆ, ಅಭ್ಯಾಸದ ವೇಳೆಗೂ ಕಛೇರಿಯ ವೇಳೆಗೂ ಧ್ವನಿ ಬದಲಾಗಬಾರದೆಂಬ ಉದ್ದೇಶದಿಂದ. ಉದ್ದೇಶ ಒಳ್ಳೆಯದೇ. ಆದರೆ ಕೇಳುಗರು ಬಂದರೂ ಬಾರದಿದ್ದರೂ ನಿನ್ನ ಷಡ್ಜ ಅಲ್ಲಿ ಒಂದೇ ಸಮನಾಗಿ ಕೇಳುತ್ತದೆ. ಯಾರೂ ಇಲ್ಲದ ಕಡೆ ಸಾಧನೆ ಮಾಡಿದಂತಾಯಿತೆಂದು ನೀನು ಬರೆದದ್ದು ಬರೀ ಭಾವನೆಯ ಮಾತಲ್ಲ. ನಿನ್ನ ಕಿವಿ ಸರಿಯಾಗಿಯೇ ಗುರುತಿಸಿದೆ.

ಇದರ ಮೇಲೆ ನಮ್ಮೂರುಗಳ ಸಭಾಂಗಣಗಳು ಕೇವಲ ಸಂಗೀತಕ್ಕಾಗಿ ಕಟ್ಟಿದವಲ್ಲ. ಶಾಲಾ ವಾರ್ಷಿಕೋತ್ಸವ, ಸನ್ಮಾನ, ಹಾಸ್ಯೋತ್ಸವ, ಕಂಪನಿಗಳ ಸಭೆ ಎಲ್ಲವೂ ಅಲ್ಲೇ ನಡೆಯಬೇಕು. ಇಲ್ಲವಾದರೆ ವಿದ್ಯುತ್ ಬಿಲ್ಲೂ ಹುಟ್ಟುವುದಿಲ್ಲ. ಭಾಷಣ ಸ್ಪಷ್ಟವಾಗಿ ಕೇಳಬೇಕಾದರೆ ಅನುರಣನ ಒಂದು ಸೆಕೆಂಡಿನ ಆಸುಪಾಸಿನಲ್ಲಿರಬೇಕು, ಪಾಶ್ಚಾತ್ಯರ ವಾದ್ಯವೃಂದಕ್ಕೆ ಎರಡು ಸೆಕೆಂಡು ಬೇಕು. ನಮ್ಮ ಸಂಗೀತಕ್ಕೆ ಅಷ್ಟೊಂದು ಬೇಡ, ದ್ರುತಗತಿಯ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಹಾಗೆಂದು ನಾದವನ್ನು ಪೂರ್ತಿ ಒಣಗಿಸಿಬಿಟ್ಟರೆ ತಂಬೂರಿಯ ಜೀವಾಳವೇ ಹೋಗುತ್ತದೆ. ಗೋಡೆಗೆ ಫಲಕ, ನೆಲಕ್ಕೆ ರತ್ನಗಂಬಳಿ ಹಾಸಿ ಮೊದಲು ನಾದವನ್ನು ಒಣಗಿಸುವುದು, ಆಮೇಲೆ ಮೈಕಿನವರು ಯಂತ್ರದಿಂದ ಎಕೋ ಸೇರಿಸಿ ಅದನ್ನು ಒದ್ದೆ ಮಾಡುವುದು! ನಿನ್ನ ಕಛೇರಿಯ ಧ್ವನಿಮುದ್ರಿಕೆಯನ್ನು ಕೇಳಿದೆ. ನಿನ್ನ ಗಮಕಗಳ ಅಂಚುಗಳೆಲ್ಲ ಆ ಎಕೋದಲ್ಲಿ ಸವೆದುಹೋಗಿವೆ.

ಆದರೆ ಜಾಗವೊಂದು ಹೊಸದು, ಬೆಲೆಬಾಳುವಂಥದ್ದು ಎಂದಮಾತ್ರಕ್ಕೆ ನಿರ್ಜೀವವಾಗಿರಬೇಕಾಗಿಲ್ಲ. ಬರ್ಲಿನ್ನಿನ ಫಿಲ್ಹಾರ್ಮೋನಿ 1963ರಲ್ಲಿ ತೆರೆದಾಗ ಅತ್ಯಾಧುನಿಕ ಕಟ್ಟಡ. ಹಾನ್ಸ್ ಶಾರೂನ್ ಎಂಬ ವಾಸ್ತುಶಿಲ್ಪಿ ವಾದ್ಯವೃಂದವನ್ನು ನಡುವಿನಲ್ಲಿ ಕೂರಿಸಿ ಕೇಳುಗರನ್ನು ಸುತ್ತಲೂ ಮೆಟ್ಟಿಲುಮೆಟ್ಟಿಲಾಗಿ ಹಬ್ಬಿಸಿದ. ಅಲ್ಲಿ ಕೇಳುಗರಿಗೆ ಕೇಳುಗರೂ ಕಾಣುತ್ತಾರೆ. ನ್ಯೂಯಾರ್ಕಿನಲ್ಲಿ 1962ರಲ್ಲಿ ತೆರೆದ ಫಿಲ್ಹಾರ್ಮೋನಿಕ್ ಹಾಲಿನ ಗತಿ ಬೇರೆಯಾಯಿತು. ಧ್ವನಿ ಕೆಟ್ಟದೆಂಬ ದೂರು ಮೊದಲಿನಿಂದಲೂ ಅದನ್ನು ಬಿಡಲಿಲ್ಲ, 1976ರಲ್ಲಿ ಒಳಭಾಗವನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಿದರು, ಅದೂ ಸಾಲದೆ 2022ರಲ್ಲಿ ಮತ್ತೊಮ್ಮೆ ಕಟ್ಟಿದರು. ಈ ಸಲ ಏನು ಮಾಡಿದರು ಗೊತ್ತೇ? ವೇದಿಕೆಯನ್ನು ಮುಂದಕ್ಕೆ ತಂದು, ಅದರ ಹಿಂದೆಯೂ ಜನರನ್ನು ಕೂರಿಸಿ, ಆಸನಗಳ ಸಂಖ್ಯೆಯನ್ನೇ ಇಳಿಸಿದರು. ಅಷ್ಟು ಹಣ ಸುರಿದವರು ಕೊನೆಗೆ ಬಂದು ನಿಂತದ್ದು ನಮ್ಮ ಚಪ್ಪರದವರು ಪುಕ್ಕಟೆಯಾಗಿ ಪಡೆದಿದ್ದ ವ್ಯವಸ್ಥೆಗೇ.

ಜಾಗ ಬದಲಾದಾಗ ಸಂಗೀತಗಾರರು ಅದರಿಂದ ಓಡಿಹೋದದ್ದಿಲ್ಲ ಎಂಬುದನ್ನೂ ನೆನಪಿಡು. ಮೈಕು ಬರುವುದಕ್ಕೆ ಮುಂಚೆ ಸಭೆಗಳು ದೊಡ್ಡದಾಗುತ್ತ ಬಂದಾಗ ಪಿಟೀಲಿನ ನಾದ ಹಿಂದಿನ ಸಾಲಿಗೆ ಮುಟ್ಟದೆಂದು ಕಂಡ ಟಿ. ಚೌಡಯ್ಯನವರು 1927ರ ಸುಮಾರಿಗೆ ತಮ್ಮ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲನ್ನು ನುಡಿಸಿದರು. ಆಗ ಮೂಗು ಮುರಿದವರು ಇದ್ದೇ ಇದ್ದರು. ಅವರ ಗುರುಗಳಾದ ಬಿಡಾರಂ ಕೃಷ್ಣಪ್ಪನವರಂತೂ ಇದೇ ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನೇ ಕಟ್ಟಿಸಿ ರಾಮನಿಗೂ ಸಂಗೀತಕ್ಕೂ ಒಂದೇ ಸೂರು ಒದಗಿಸಿದರು. ಚೌಡಯ್ಯನವರ ಹೆಸರಿನಲ್ಲಿ 1980ರಲ್ಲಿ ಬೆಂಗಳೂರಿನಲ್ಲಿ ತೆರೆದ ಸಭಾಂಗಣ ಪಿಟೀಲಿನ ಆಕಾರದಲ್ಲೇ ಇದೆ. ಹೊರಗಿನಿಂದ ಅದಕ್ಕಿಂತ ಹೆಚ್ಚಿನ ವ್ಯಕ್ತಿತ್ವವನ್ನು ಕಟ್ಟಡವೊಂದಕ್ಕೆ ಕೊಡಲು ಸಾಧ್ಯವಿಲ್ಲ. ಅಲ್ಲಿ ಜನ ಮೈಮರೆತ ಕಛೇರಿಗಳನ್ನೂ ಕೇಳಿದ್ದೇನೆ, ಆಕಳಿಸಿದವುಗಳನ್ನೂ ಕೇಳಿದ್ದೇನೆ. ಕಟ್ಟಡದ ಆಕಾರ ಎರಡು ದಿನವೂ ಅದೇ ಇತ್ತು.

ಕಾಲದ ವಿಷಯ ಮಾತ್ರ ನಿನ್ನ ಕೈಮೀರಿದ್ದು. ಧಾರವಾಡ ಜಿಲ್ಲೆಯ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ನಡೆಯುತ್ತ ಬಂದಿದೆಯಷ್ಟೇ; ನಡುರಾತ್ರಿಯ ರಾಗ ನಡುರಾತ್ರಿಗೆ, ಬೆಳಗಿನ ರಾಗ ಬೆಳಗಿಗೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯವಾಗಿ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಇಡೀ ರಾತ್ರಿಗೆ ವಿನಾಯಿತಿಯಿರುವುದು ಮುಚ್ಚಿದ ಸಭಾಂಗಣದಂಥ ಜಾಗಗಳಿಗೆ. ಎಂದರೆ ಇಡೀ ರಾತ್ರಿ ಹಾಡುವ ಸ್ವಾತಂತ್ರ್ಯ ಕಾನೂನಿನಂತೆ ಈಗ ಉಳಿದಿರುವುದು ನೀನು ಬೇಡವೆನ್ನುತ್ತಿರುವ ಹೊಸ ಸಭಾಂಗಣಗಳಿಗೇ! ಒಂಬತ್ತು ಗಂಟೆಗೆ ಬಾಡಿಗೆಯ ಪಾಳಿ ಮುಗಿಯಿತೆಂದು ಕಾವಲುಗಾರ ಬೀಗದ ಕೈ ಅಲ್ಲಾಡಿಸುತ್ತ ನಿಲ್ಲುವುದರಿಂದ ಆ ಸ್ವಾತಂತ್ರ್ಯ ಯಾರಿಗೂ ಒದಗುತ್ತಿಲ್ಲ, ಅಷ್ಟೆ.

ಇನ್ನೊಂದು ಮಾತು, ನಿನಗೆ ಅಷ್ಟು ಹಿಡಿಸಲಾರದು. ಹಳೆಯ ಪಡಸಾಲೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಆಹ್ವಾನವಿದ್ದವರಿಗೆ, ಜಾತಿಯಲ್ಲಿ ಸಲ್ಲುವವರಿಗೆ, ಗಂಡಸರಿಗೆ ಅಲ್ಲಿ ಹಿತವಾಗಿತ್ತು. ನಿನ್ನ ಅಮ್ಮ ಸಂಜೆ ಕಛೇರಿಗೆ ಹೊರಡುವ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದಳು, ಹೋದ ಜಾಗದಲ್ಲಿ ಹೆಂಗಸರಿಗೆ ಅನುಕೂಲವಿರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಈಗ ಮಂಡಿನೋವಿನ ನಾನು ಲಿಫ್ಟಿನಲ್ಲಿ ಹತ್ತಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂತು ಮೂರು ಗಂಟೆ ಸಂಗೀತ ಕೇಳಬಲ್ಲೆ. ನೀನು ಪಡಸಾಲೆಯಲ್ಲೇ ಹಾಡುತ್ತೇನೆಂದು ಹಟ ಹಿಡಿದರೆ ಮೊದಲು ಹೊರಗುಳಿಯುವವರು ನಮ್ಮಂಥವರು.

ಆದ್ದರಿಂದ ಅದೇ ಸಭಾಂಗಣದವರು ಮುಂದಿನ ತಿಂಗಳಿಗೆ ಮತ್ತೆ ಕರೆದಿದ್ದಾರೆಂದು ಬರೆದಿರುವೆಯಲ್ಲ, ಒಪ್ಪಿಕೋ. ಆದರೆ ಹೋದ ಸಲದಂತೆ ಕಾರಿನಿಂದ ಇಳಿದು ನೇರವಾಗಿ ವೇದಿಕೆ ಹತ್ತಬೇಡ. ಮಧ್ಯಾಹ್ನವೇ ಹೋಗಿ, ಮೈಕಿಲ್ಲದೆ ಷಡ್ಜ ಹಿಡಿದು ನಿಲ್ಲಿಸಿ ನಾದ ಎಲ್ಲಿ ಸಾಯುತ್ತದೆಂದು ಕೇಳು. ನಿನ್ನ ಶಿಷ್ಯೆಯಿಂದ ಹಾಡಿಸಿ ನೀನೇ ಕೊನೆಯ ಸಾಲಿನಲ್ಲಿ ಕೂತು ನೋಡು. ಮೈಕಿನವರನ್ನು ಗದರಬೇಡ. ಅವರ ಪಕ್ಕದಲ್ಲಿ ಹತ್ತು ನಿಮಿಷ ಕೂತು ಎಕೋವನ್ನು ಪೂರ್ತಿ ತೆಗೆಸಿ, ಬೇಕೆನಿಸಿದರೆ ಎಳ್ಳಷ್ಟು ಮಾತ್ರ ಸೇರಿಸಲು ಹೇಳು. ಮಾನಿಟರುಗಳಲ್ಲಿ ಒಂದನ್ನು ತೆಗೆಸಿ, ಇನ್ನೊಂದರ ಧ್ವನಿಯನ್ನು ತಗ್ಗಿಸಿ, ಪಕ್ಕವಾದ್ಯದವರನ್ನು ನಿನ್ನ ಮೊಣಕೈ ದೂರಕ್ಕೆ ಕರೆದುಕೋ; ನಿಮ್ಮ ನಿಮ್ಮ ನಾದವನ್ನು ಪೆಟ್ಟಿಗೆಯ ಮೂಲಕ ಕೇಳಿಸಿಕೊಳ್ಳುವ ಅಗತ್ಯ ಆಗ ಅರ್ಧಕ್ಕರ್ಧ ತಪ್ಪುತ್ತದೆ. ಹೂವಿನ ಕುಂಡಗಳು ಬದಿಗೆ ಹೋಗಲಿ. ಪ್ರೇಕ್ಷಾಗೃಹದ ದೀಪವನ್ನು ಅರ್ಧದಷ್ಟಾದರೂ ಉರಿಯಲು ಬಿಡಬೇಕೆಂದು ಮೊದಲೇ ಬರೆದು ಕೇಳು, ಬಾಯಿಮಾತಿಗೆ ಬಿಡಬೇಡ. ಆ ಹೊತ್ತಿಗೆ ಸ್ವಿಚ್ಚಿನ ಹತ್ತಿರ ಇರುವವನಿಗೆ ವಿಷಯ ತಿಳಿದಿರುವುದಿಲ್ಲ. ಸೋಫಾಗಳನ್ನು ಹಿಂದಕ್ಕೆ ಸರಿಸಿ ವೇದಿಕೆಯ ಬುಡದಲ್ಲಿ ಜಮಖಾನೆ ಹಾಸಿಸಲು ಸಾಧ್ಯವೇ ಎಂದು ಕೇಳಿ ನೋಡು. ಒಪ್ಪಿದರೆ ನಿನ್ನ ಶಿಷ್ಯವರ್ಗವನ್ನೂ, ತಾಳ ಹಾಕುವ ಸಂಗೀತ ವಿದ್ಯಾರ್ಥಿಗಳನ್ನೂ ಅಲ್ಲಿ ಕೂರಿಸು. ಒಂದೆರಡು ಕೃತಿ ಕೇಳುಗರ ಇಷ್ಟಕ್ಕೆಂದು ಮೀಸಲಿಟ್ಟು, ಚೀಟಿ ಕಳಿಸಬಹುದೆಂದು ನೀನೇ ಹೇಳಿಬಿಡು.

ಇಷ್ಟೆಲ್ಲ ಮಾಡಿದ ಮೇಲೂ ಹಿಡಿಸದಿದ್ದರೆ ಆ ಒಂದು ಸಭಾಂಗಣವನ್ನು ಬಿಡು, ಎಲ್ಲವನ್ನೂ ಬಿಡಬೇಡ. ಆ ದಿನಕ್ಕೆ ನಾನೂ ಬರುವವನಿದ್ದೇನೆ. ಜಮಖಾನೆಯ ಮೇಲೆ ಕೂರಲು ಮಂಡಿ ಬಿಡದು, ಮೂರನೆಯ ಸಾಲಿನ ಅಂಚಿನ ಕುರ್ಚಿಯೊಂದನ್ನು ಹಿಡಿದಿರಿಸು. ಪ್ರಧಾನ ರಾಗ ಯಾವುದೆಂದು ಮುಂಚಿತವಾಗಿ ನನಗೆ ತಿಳಿಸಬೇಕಾಗಿಲ್ಲ. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಮಾವ